ಎಂಟು ತರಿಗಳ ಸದ್ದಿನೊಳಗೆ ಅಳುತ್ತಿದ್ದವನು

ನನ್ನ ಮೈದುನನ ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ನವಿರು ಸಿಕ್ಕಿಕೊಂಡಿರುತ್ತಿತ್ತು. ಸ್ನಾನ ಮಾಡಿ ಬಂದರೂ ಹೋಗುತ್ತಿರಲಿಲ್ಲ. ಅವನು ನನ್ನ ಗಂಡನ ತಮ್ಮ. ಅವಿನಾಶಿಯಿಂದ ಅನ್ನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ, ಹಿತ್ತಲಲ್ಲಿ ಅವನ ಶೆಡ್ಡು, ಶೆಡ್ಡಿನೊಳಗೆ ಎಂಟು ತರಿ. ತರಿ ಎಂದರೆ ನಮ್ಮ ಕಡೆ ಕರೆಂಟಿನಲ್ಲಿ ಓಡುವ ಮಗ್ಗ. ಎಂಟೂ ಓಡಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಮೂವತ್ತು ವರ್ಷ ಅದರ ನಡುವೆ ನಿಂತು ಅವನ ಕಿವಿ ಮಂದವಾಗಿತ್ತು. ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದ. ನಾನು ಮುಖ ತಿರುಗಿಸಿಕೊಂಡು ಬೈದರೆ, "ಅತ್ತಿಗೇ, ಈ ಕಡೆ ತಿರುಗಿ ಬೈಯಿ. ಇಲ್ದಿದ್ರೆ ಪಾದಿ ಬೈಗುಳ, ಅರ್ಧಕ್ಕರ್ಧ, ವೇಸ್ಟಾಗ್ತದೆ" ಎನ್ನುತ್ತಿದ್ದ.

ನನ್ನ ಗಂಡ ಸತ್ತಾಗ ಹೆಂಗಸರೆಲ್ಲ ಸುತ್ತ ಕೂತು ಅಳು ಅಳು ಎಂದು ನನ್ನನ್ನು ಹಿಂಡಿದರು. ಒಂದು ಹನಿ ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಮೈದುನ ನನ್ನನ್ನು ಶೆಡ್ಡಿಗೆ ಕರೆದೊಯ್ದು ಎಂಟು ತರಿಯನ್ನೂ ಓಡಿಸಿದ. ಕಿವಿಗೆ ಬಾಯಿಟ್ಟು, "ಇಲ್ಲಿ ಯಾರ್ಗೂ ಕೇಳಲ್ಲ. ನಾನು ನೂಲು ನೋಡ್ಕೊತೀನಿ, ನೀ ನಿನ್ ಕೆಲ್ಸ ನೋಡು" ಎಂದು ಕೂಗಿ, ಬೆನ್ನು ತಿರುಗಿಸಿ ನಿಂತ. ಅತ್ತುಬಿಟ್ಟೆ. ಹೆರಿಗೆಯಲ್ಲೂ ನಾನು ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಆ ಜಾಗ ಅವನಿಗೆ ಹೇಗೆ ಗೊತ್ತಿತ್ತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಆಮೇಲೆ ಅವನ ಹೆಂಡತಿ ಹೋದಳು, ಕಾಮಾಲೆ ಬಂದು ಒಂದೇ ತಿಂಗಳಲ್ಲಿ. ಹೆಣ ಎತ್ತುವಾಗ ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ನಮ್ಮ ಬಾವ, ಅಂದರೆ ಈ ಅಣ್ಣತಮ್ಮಂದಿರಲ್ಲಿ ದೊಡ್ಡವರು, ಅವನ ಬೆನ್ನು ತಟ್ಟಿ, "ನೋಡ್ರಪ್ಪಾ, ಇವನು ಆಂಬಳೆ, ಗಂಡಸು! ಕಲ್ಲು ನಿಂತಂಗೆ ನಿಂತವ್ನೆ" ಎಂದು ಊರಿಗೆಲ್ಲ ಕೇಳುವಂತೆ ಹೊಗಳಿದರು. ಆ ಹೊಗಳಿಕೆ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಷ್ಟು ಹೊಗಳಿಸಿಕೊಂಡವನು ಆಮೇಲೆ ಎಲ್ಲಿ ಹೋಗಿ ಅಳಬೇಕು?

ಶೆಡ್ಡಿಗೆ ಹೋಗಿ ಅತ್ತ. ದಿನಾ ಹೋದ. ನೂಲು ಇಲ್ಲದ ದಿನವೂ ತರಿ ಬರಿದೇ ಬಡಿಯುತ್ತಿತ್ತು.

ಒಂದು ದಿನ ಅವನ ಮಗನಿಗೆ ಹೆಣ್ಣು ಕೊಡುವವರು ಬಂದು ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದರು. ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರು. ಹೇಳದೆ ಕೇಳದೆ ಕರೆಂಟು ಹೋಯಿತು. ಎಂಟೂ ತರಿ ಒಟ್ಟಿಗೆ ನಿಂತವು. ಒಳಗೆ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ, ಕಿವಿಯೂ ಮಂದ. ತರಿ ನಿಂತದ್ದು ಅವನಿಗೆ ತಿಳಿಯಲೇ ಇಲ್ಲ. ಅಂಗಳಕ್ಕೆಲ್ಲ ಅವನ ಅಳು ಕೇಳಿಸಿತು. ಬಂದವರು ಲೋಟ ಇಟ್ಟು ಎದ್ದರು.

"ಏನ್ರಾ ಇವ್ನು, ಪೊಂಬಳೆ ಥರ, ಹೆಂಗಸಿನಂಗೆ ಅಳ್ತಾನೆ!" ಎಂದರು ಬಾವ.

ನಮ್ಮ ಮನೆಯಲ್ಲಿ ಬಾವನ ಎದುರು ಹೆಂಗಸರು ನಿಂತು ಮಾತಾಡುವಂತಿಲ್ಲ. ನಾನು ಬಾಗಿಲ ಹಿಂದಿನಿಂದಲೇ ಹೇಳಿದೆ: "ಕೊಯಮತ್ತೂರಲ್ಲಿ ಮನಸ್ಸಿಗೆ ಡಾಕ್ಟರು ಅವ್ರಂತೆ. ಕರ್ಕೊಂಡ್ ಹೋಗಿ."

"ಅಲ್ಲಿಗೆ ಹೋದ್ರೆ ಹುಡುಗನ್ಗೆ ಹೆಣ್ಣು ನೀನು ಕೊಡ್ತೀಯಾ? ಎಲ್ಲಾ ಆ ತರಿ ಸದ್ದಿಂದ ಬಂದಿರೋ ತಲೆಕೆಟ್ಟತನ. ನಿಲ್ಸಿ, ರೆಸ್ಟು ತಗೊಳ್ಲಿ."

ಶೆಡ್ಡಿಗೆ ಬೀಗ ಬಿತ್ತು. ಕೀ ಬಾವನ ಸೊಂಟಕ್ಕೆ ಹೋಯಿತು. ಜಗುಲಿಯ ಮೇಲೆ ಅವನನ್ನು ಕೂರಿಸಿದರು. ಬಂದವರೆಲ್ಲ "ಈಗ ತೆಳಿವಾಗವ್ನೆ, ತಲೆ ಸರಿಹೋಗದೆ" ಎಂದರು. ಹತ್ತಿ ಉದುರಿಹೋದ ಮೇಲೆ ನೋಡಿದರೆ ಅವನ ಹುಬ್ಬು ಪೂರಾ ನರೆತಿತ್ತು.

ಒಮ್ಮೆ ನನ್ನನ್ನು ಕೇಳಿದ: "ಅತ್ತಿಗೆ, ದೊಡ್ಡಣ್ಣನ ಹತ್ರ ಕೇಳಿ ಶೆಡ್ಡಿನ ಕೀ ಕೊಡಿಸ್ತೀಯಾ? ಅರ್ಧ ಗಂಟೆ ಸಾಕು."

ಕೇಳುತ್ತೇನೆ ಎಂದೆ. ಕೇಳಲಿಲ್ಲ. ಬಾಗಿಲ ಹಿಂದೆ ಮತ್ತೊಂದು ಸಲ ಹೋಗಿ ನಿಲ್ಲುವುದು ನನ್ನಿಂದ ಆಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಕೀಗೆ ಹೆದರಿದವಳು ನಾನು.

ನಾಲ್ಕನೆಯ ತಿಂಗಳು, ಮಧ್ಯಾಹ್ನ ತಟ್ಟೆಯ ಮುಂದೆ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಡಾಕ್ಟರು ಹಾರ್ಟು ಎಂದರು. ಇರಬಹುದು. ಅದರಲ್ಲಿ ಏನೇನು ತುಂಬಿತ್ತು ಎಂದು ಅವರು ನೋಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಗ ಅಂಗಳದಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದ. ಬಾವ ಅವನ ಹತ್ತಿರ ಹೋಗಿ, ಸೊಂಟದಿಂದ ಕೀ ತೆಗೆದು, ಮೆಲ್ಲಗೆ ಅಂದರು: "ಹೋಗ್ ಕಣ್ಣು, ಹೋಗಪ್ಪಾ. ತರಿ ಓಡಿಸ್ಬಿಟ್ಟು, ಒಳಗೆ ಅತ್ತು ಬಂದ್ಬುಡು."

ಆ ಶೆಡ್ಡು ಯಾಕಿತ್ತು ಎಂದು ಅವರಿಗೂ ಗೊತ್ತಿತ್ತು!

ನಾನು ಬಾಗಿಲು ದಾಟಿ ಅಂಗಳಕ್ಕೆ ಇಳಿದೆ. ಕೀ ಕಿತ್ತುಕೊಂಡೆ. ಈ ಮನೆಗೆ ಬಂದು ನಲವತ್ತು ವರ್ಷದಲ್ಲಿ ಮೊದಲ ಸಲ ಬಾವನ ಮುಖ ನೋಡಿದೆ. "ಅವನು ಕೇಳಿದ್ದು ಇದನ್ನೇ. ಅವನಿಗೆ ಕೊಡ್ಲಿಲ್ಲ ನೀನು. ನಾನೂ ಕೊಡಿಸ್ಲಿಲ್ಲ. ಇವನಿಗೆ ಈ ಕೀ ಬೇಡ."

"ಜನ ನೋಡ್ತಾರಮ್ಮಾ..."

"ಬಾಯ್ ಮುಚ್ಚು." ಹುಡುಗನ ತೋಳು ಹಿಡಿದೆ. "ಇಲ್ಲೇ ಅಳು. ಗಟ್ಟಿಯಾಗಿ ಅಳು."

ಅವನು ಮೊದಲು ತಲೆ ಅಲ್ಲಾಡಿಸಿದ. ಆಮೇಲೆ ಬಂತು, ಅಪ್ಪನ ಅಳುವಿನಂತೆಯೇ, ಹೊಟ್ಟೆಯ ಅಡಿಯಿಂದ. ರಸ್ತೆಯಲ್ಲಿ ಹೋಗುತ್ತಿದ್ದ ಟೌನ್ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿದರು. ನೋಡಲಿ.