ಎಡಗೈಗೆ ಬಂದ ಪ್ರಸಾದ

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನನಗೆ ಪೋಪಣ್ಣ ಅಂತ ಅಡ್ಡಹೆಸರು. ನಿಜವಾದ ಹೆಸರು ಇನ್ನಾಸಪ್ಪ, ಬೊಮ್ಮನಹಳ್ಳಿಯಲ್ಲಿ ಕಟಿಂಗ್ ಮಾಸ್ಟರ್. ಹೆಸರಿಟ್ಟವರು ಗೇಲಿಗೆ ಇಟ್ಟರು, ನಾನು ಬಿರುದು ಕೊಟ್ಟರು ಅಂದುಕೊಂಡೆ. ರೋಮ್ ದೂರ, ಹೊಸೂರು ರಸ್ತೆಯ ಈ ಕಡೆ ಕಥೋಲಿಕ ಸತ್ಯಸಭೆಯನ್ನು ಕಾಯೋಕೆ ಒಬ್ಬ ಬೇಕಲ್ಲ ಎಂದು ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಆ ಕೆಲಸಕ್ಕೆ ಸಂಬಳವೂ ಇರಲಿಲ್ಲ, ರಜೆಯೂ ಇರಲಿಲ್ಲ.

ಊಟದ ಬಿಡುವಿನಲ್ಲಿ ಯಾರಾದರೂ "ದೇವರಿಗೆ ನೇರವಾಗಿ ಹೇಳಿಕೊಂಡರೆ ಸಾಲದಾ, ಫಾದರ್ ಹತ್ತಿರ ಯಾಕೆ ಪಾಪನಿವೇದನೆ?" ಅಂದರೆ ಸಾಕು, ನನ್ನ ಮುದ್ದೆ ಆರಿ ಕಲ್ಲಾಗುತ್ತಿತ್ತು. ಚಿಕ್ಕಂದಿನಲ್ಲಿ ಉಪದೇಶಿ ಚಿನ್ನಪ್ಪನವರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದ ಜ್ಞಾನೋಪದೇಶವನ್ನು ಪ್ರಶ್ನೆ ಸಮೇತ ಒಪ್ಪಿಸುತ್ತಿದ್ದೆ. ಚರ್ಚಿನ ಪೂಜೆಯಲ್ಲಿ ಗಿಟಾರ್ ಬಂದಾಗ ಜಗಳ ಆಡಿದೆ. ಮೊಣಕಾಲೂರದೆ ಕೂತು ಪ್ರಾರ್ಥಿಸುವವರನ್ನು ಕಂಡು ಮೂಗು ಮುರಿದೆ. ಉಪವಾಸದ ವಿಷಯದಲ್ಲಿ ಮಾತ್ರ ನಾನು ಹೊಸ ಕಾಲದವನು. ಪೂಜೆಯಲ್ಲಿ ಕೊಡುವ ಸತ್ಪ್ರಸಾದಕ್ಕೆ ಒಂದು ಗಂಟೆ ಮುಂಚೆ ಹೊಟ್ಟೆ ಖಾಲಿ ಇದ್ದರೆ ಸಾಕು ಎಂದು ಸಭೆಯೇ ಹೇಳಿರುವಾಗ ಬೆಳಗಿನ ಕಾಫಿ ಬಿಡುವುದು ಅವಿಧೇಯತೆ ಆಗುತ್ತದೆ ನೋಡಿ.

ನಮ್ಮವ್ವ ಲೂರ್ದಮ್ಮನಿಗೆ ಈ ಸಡಿಲಿಕೆ ಬೇಕಿರಲಿಲ್ಲ. ಅವಳದು ಹಳೇ ಕ್ರಮ. ಶನಿವಾರ ರಾತ್ರಿ ಉಂಡು ಕೈ ತೊಳೆದರೆ ಮಾರನೇ ದಿನ ಪ್ರಸಾದ ನಾಲಿಗೆಗೆ ಸೋಕುವ ತನಕ ಹನಿ ನೀರೂ ಇಲ್ಲ. ಆದರೂ ಧರ್ಮದ ಬಗ್ಗೆ ಮನೆಯಲ್ಲಿ ಭಾಷಣ ಮಾಡುವವನು ನಾನೇ. ಅವಳು "ನೀ ಓದ್ದೋನು ಕಣಪ್ಪ" ಎಂದು ಕೇಳಿಸಿಕೊಳ್ಳುತ್ತಿದ್ದಳು. ಓದಿದ್ದು ಏಳನೇ ಕ್ಲಾಸು.

ಹಂದಿಜ್ವರದ ಗಲಾಟೆ ಎದ್ದ ವರ್ಷ ನಮ್ಮ ಹೊಸ ಫಾದರ್ ಪೂಜೆಯಲ್ಲಿ ಪ್ರಕಟಣೆ ಕೊಟ್ಟರು. ಇನ್ನು ಸ್ವಲ್ಪ ಕಾಲ ಪ್ರಸಾದವನ್ನು ನಾಲಿಗೆಯ ಮೇಲೆ ಇಡುವುದಿಲ್ಲ, ಎಲ್ಲರೂ ಕೈಯಲ್ಲಿ ತೆಗೆದುಕೊಳ್ಳಬೇಕು. ಎಡಗೈ ಮೇಲೆ, ಬಲಗೈ ಕೆಳಗೆ. ಎಡ ಅಂಗೈಗೆ ಬಂದದ್ದನ್ನು ಬಲಗೈಯಿಂದ ತೆಗೆದು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು.

ಎಡಗೈ! ಮದುವೆ ಮನೆಯಲ್ಲಿ ಎಲೆಅಡಿಕೆಯನ್ನೂ ಎಡಗೈಯಲ್ಲಿ ತೆಗೆದುಕೊಳ್ಳದ ಜನ ನಾವು. ಸಾಕ್ಷಾತ್ ಕ್ರಿಸ್ತನ ದೇಹವನ್ನು ಎಡಗೈಗೆ ಇಸ್ಕೊಳ್ಳೋದಾ? ಪೂಜೆ ಮುಗಿದ ತಕ್ಷಣ ಫಾದರ್ ಹತ್ತಿರ ಹೋಗಿ ಕೂಗಾಡಿದೆ. ಅವರು "ಇದೂ ಸಭೆ ಒಪ್ಪಿರೋ ಕ್ರಮಾನೇ, ಇನ್ನಾಸಪ್ಪ" ಎಂದು ಸಮಾಧಾನವಾಗಿ ಹೇಳಿದರು. ನನಗೆ ಇನ್ನೂ ಉರಿಯಿತು. ಮನೆಗೆ ಬಂದು, ನಾಲಿಗೆಗೆ ಕೊಡೋ ತನಕ ನಮ್ಮ ಮನೆಯಿಂದ ಯಾರೂ ಪ್ರಸಾದ ತಗೊಳ್ಳೋದು ಬೇಡ ಎಂದು ಘೋಷಿಸಿದೆ. ಮನೆಯಲ್ಲಿ ಇದ್ದದ್ದು ನಾನು, ಅವ್ವ. ಅವಳು ಸೆರಗು ಸರಿಮಾಡಿಕೊಂಡು ಒಲೆ ಕಡೆ ಹೋದಳು.

ನಮ್ಮ ವಠಾರದ ಬಾಡಿಗೆ ರೂಮಿನಲ್ಲಿ ಬಳ್ಳಾರಿ ಕಡೆಯ ಕೊಟ್ರಪ್ಪ ಇದ್ದ, ಸೆಂಟ್ರಿಂಗ್ ಕೆಲಸದವನು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬಾಗಿಲು ತೆರೆದಿಟ್ಟೇ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದ. ನನ್ನ ಹೋರಾಟದ ಸುದ್ದಿ ಕೇಳಿ ನಕ್ಕ.

"ಎಡಗೈ ಏನ್ ಪಾಪ ಮಾಡೇತ್ರೀ ಪೋಪಣ್ಣಾರ? ನಮ್ ದ್ಯಾವ್ರು ದಿನಾ ಅಲ್ಲೇ ಕುಂದರ್ತಾನ."

"ನಿಮ್ಮ ಪದ್ಧತಿ ಬೇರೆ, ನಮ್ದೇ ಬೇರೆ" ಎಂದು ಅವನ ಬಾಯಿ ಮುಚ್ಚಿಸಿದೆ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

ಭಾನುವಾರಗಳು ಕಳೆದವು. ಊರೆಲ್ಲ ಪ್ರಸಾದಕ್ಕೆ ಸಾಲುಗಟ್ಟಿದಾಗ ನಾನು ಬೆಂಚಿನಲ್ಲಿ ಎದೆ ಸೆಟೆಸಿ ಕೂರುತ್ತಿದ್ದೆ. ಎಲ್ಲರೂ ನೋಡಲಿ ಅಂತಲೇ ಎರಡನೇ ಬೆಂಚು ಹಿಡಿಯುತ್ತಿದ್ದೆ. ಪಕ್ಕದಲ್ಲಿ ಅವ್ವ ಸಾಲನ್ನೇ ನೋಡುತ್ತಾ ಕೂತಿರುತ್ತಿದ್ದಳು. ಅವಳೂ ನನ್ನ ಹಾಗೇ ಹೆಮ್ಮೆ ಪಡುತ್ತಿದ್ದಾಳೆ ಅಂದುಕೊಂಡಿದ್ದೆ.

ಒಂದು ಭಾನುವಾರ ಫಾದರ್ ಪೂಜೆಯ ನಡುವೆ ಕೊಡುವ ಪ್ರಸಂಗ ಉದ್ದವಾಯಿತು. ಅವ್ವ ನನ್ನ ಭುಜದ ಮೇಲೆ ವಾಲಿದಳು. ಹಣೆ ತಣ್ಣಗೆ ಬೆವೆತಿತ್ತು. ಹಿಡಿದು ಹೊರಗೆ ಕರೆತಂದು ಮೆಟ್ಟಿಲ ಮೇಲೆ ಕೂರಿಸಿದೆ. ಹೂ ಮಾರುವ ರಾಮಕ್ಕ ಓಡಿಬಂದು ನೀರಿನ ಬಾಟಲಿ ಹಿಡಿದಳು. ಅವ್ವ ಬಾಯಿ ಬಿಗಿದು ತಲೆ ಅಲ್ಲಾಡಿಸಿದಳು.

"ಇನ್ನೂ ಪೂಜೆ ಮುಗ್ದಿಲ್ಲ ಕಣಮ್ಮಿ."

ನನಗೆ ಅರ್ಥವಾಗಲಿಲ್ಲ. "ನೀನು ಪ್ರಸಾದ ತಗೊಳ್ತಾ ಇಲ್ವಲ್ಲವ್ವ, ಇನ್ನೂ ಯಾಕೆ ಉಪವಾಸ?"

"ಇವತ್ತಾದ್ರೂ ನೀನು ತಗೋ ಅಂದ್ರೆ? ಒಟ್ಟೆ ತಯಾರಿರಬೇಕಲ್ಲ ಇನ್ನಾಸಿ."

ಇಷ್ಟೂ ಭಾನುವಾರ ನಾನು ಕಾಫಿ ಕುಡಿದು ಹೋರಾಟ ಮಾಡಿದ್ದೆ, ಇವಳು ಒಣ ಗಂಟಲಲ್ಲಿ ನನ್ನ ಅಪ್ಪಣೆಗೆ ಕಾದಿದ್ದಳು. ಎದೆಗೆ ಕತ್ತರಿ ಇಟ್ಟ ಹಾಗಾಯಿತು. ನನಗೆ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಆದ್ರೆ ಎಡಗೈಲಿ ಹೆಂಗವ್ವ?" ಅಂದೆ.

"ಕೊಟ್ರಪ್ಪ ಆ ಕೈನ ಎಂಗೆ ಇಟ್ಕೊಂಡಿರ್ತಾನೆ ನೋಡಿದ್ಯಾ? ಕಣ್ಣು ಮಿಟುಕ್ಸಲ್ಲ ಅವ್ನು. ನಮ್ ಪ್ರಸಾದ ನಿಜವಾಗ್ಲೂ ಏಸುಸ್ವಾಮಿನೇ ಅಂತ ನೀನೇ ತಾನೆ ಎಲ್ರಿಗೂ ಏಳೋದು? ಸ್ವಾಮಿ ಬಂದು ಕೂತ್ಮೇಲೆ ಆ ಕೈ ಇನ್ನೆಲ್ಲಿ ಮೈಲಿಗೆ ಆಗಿರ್ತದೆ?"

"ಏಳವ್ವ, ತಗೊಳ್ಳೋಣ" ಅಂದೆ. ಬಿದ್ದೇಬಿಡುತ್ತಾಳೆ ಅಂದುಕೊಂಡಿದ್ದವಳು ನನಗಿಂತ ಮೊದಲು ಮೆಟ್ಟಿಲು ಹತ್ತಿದಳು.

ಒಳಗೆ ಸಾಲು ಹೊರಟಿತ್ತು. ಅವ್ವ ನನ್ನ ಮುಂದೆ. ಎಡ ಅಂಗೈಯನ್ನು ಮೇಲಿಟ್ಟು, ಬಲಗೈಯಿಂದ ಅದಕ್ಕೆ ಆಸರೆ ಕೊಟ್ಟು ಚಾಚಿದಳು. ಫಾದರ್ ಹೇಳಿಕೊಟ್ಟಿದ್ದನ್ನು ನಾನು ಹಲ್ಲು ಕಡಿಯುತ್ತಾ ಕೂತಾಗ ಇವಳು ಕಲಿತಿದ್ದಳು. ಪ್ರಸಾದ ಬಂದಾಗ ಕ್ಷಣಹೊತ್ತು ಅದನ್ನೇ ನೋಡಿ, ತೆಗೆದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು.

ನನ್ನ ಸರದಿ. ಹುಟ್ಟಿದಾಗಿನ ಅಭ್ಯಾಸ, ಬಲಗೈಯನ್ನೇ ಮೇಲಿಟ್ಟು ಚಾಚಿಬಿಟ್ಟೆ. ಪ್ರಸಾದ ಬಲ ಅಂಗೈಗೆ ಬಂತು. ತೆಗೆದು ಬಾಯಿಗೆ ಹಾಕಲು ಖಾಲಿ ಉಳಿದದ್ದು ಎಡಗೈ! ಹಾಗೇ ಕಂಬದಂತೆ ನಿಂತೆ. ಹಿಂದಿನವರು ಕೆಮ್ಮಿದರು. "ಇಲ್ಲೇ ಸೇವಿಸಿ, ಇನ್ನಾಸಪ್ಪ" ಎಂದು ಫಾದರ್ ಪಿಸುಗುಟ್ಟಿದರು.

ಅವ್ವ ತಿರುಗಿ ನೋಡಿದಳು. ನನ್ನ ಅವಸ್ಥೆ ಅರ್ಥವಾಗಿ, "ಬಗ್ಗೋ" ಎಂದು ತುಟಿಯಲ್ಲೇ ಹೇಳಿದಳು.

ಬಗ್ಗಿದೆ. ಮೂಗು ಅಂಗೈಗೆ ತಾಗುವಷ್ಟು ತಲೆ ತಗ್ಗಿಸಿ, ಪ್ರಸಾದವನ್ನು ನಾಲಿಗೆಯಲ್ಲೇ ತೆಗೆದುಕೊಂಡೆ. ಕಡೆಗೂ ನನ್ನ ಹಟವೇ ಗೆದ್ದಿತ್ತು. ಈ ತಲೆ ಅಷ್ಟು ಬಗ್ಗಿದ್ದು ಅದೇ ಮೊದಲು.