ಬಣ್ಣ ಹಚ್ಚದ ಸೀರೆ

ಒಂದು ಕಡೆ ಕೂರುವುದು ನನ್ನ ಜಾಯಮಾನವಲ್ಲ. ಮೂವತ್ತರ ದಶಕದ ಕೊನೆಯಲ್ಲಿ, ಮಧ್ಯಯುಗದ ಚಿತ್ರಗಳಿರುವ ಹಸ್ತಪ್ರತಿ ಹುಡುಕುವುದೇ ಕಸುಬಾದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡಂತಾಯಿತು. ಮಾಲೂರಿನಲ್ಲಿ ರೈಲು ಇಳಿದು ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಎಂದು ಅಲೆಯುತ್ತಿದ್ದೆ. ಬಣ್ಣ ಸಿಗುತ್ತಿತ್ತು, ಉಡುಗೆ ಸಿಗುತ್ತಿತ್ತು, ಮುಖ ಮಾತ್ರ ಎಲ್ಲೂ ನೆಟ್ಟಗಿರುತ್ತಿರಲಿಲ್ಲ. ಈ ಸೀಮೆಯ ಚಿತ್ರಗಾರರು ಕಣ್ಣು ಹೇಗೆ ಬರೆಯುತ್ತಿದ್ದರೆಂದು ತಿಳಿಯಲು ನನಗೆ ಅಳಿಸದ ಒಂದೇ ಒಂದು ಮುಖ ಬೇಕಿತ್ತು.

ದೇವರಾಯಸಮುದ್ರದ ಒಂದು ಮನೆಯಲ್ಲಿ ಚಿತ್ರದ ಪುಸ್ತಕವಿದೆಯೆಂದು ಕೇಳಿ ಓಡಿದೆ. ಹೋದದ್ದು ಸರಸ್ವತಿ ಪೂಜೆಯ ದಿನ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಬಿಚ್ಚುವ ಹಾಗಿಲ್ಲ.

"ಆತ್ರ ಪಡಬೇಡಿ ಸಾಮಿ, ಅದೆಲ್ಲೂ ಓಡೋಗಲ್ಲ" ಎಂದು ಮನೆಯಾಕೆ ಊಟಕ್ಕೆ ಎಬ್ಬಿಸಿದರು. ನಾನು ಕೆರೆ ಏರಿಯ ಮೇಲೆ ಶತಪಥ ಹಾಕುತ್ತ ದಿನ ನೂಕಿದೆ.

ವಿಜಯದಶಮಿಯ ಬೆಳಿಗ್ಗೆ ವಸ್ತ್ರ ಬಿಚ್ಚಿದರು. ಹಾಳೆ ಹಾಳೆಯಲ್ಲೂ ಮುಖವಿರಬೇಕಾದಲ್ಲಿ ಕೆಂಪು ಕಲೆ. ಆ ಮನೆಯ ಮುತ್ತೈದೆಯರು ತಲೆತಲಾಂತರದಿಂದ ಚಿತ್ರದ ಹೆಂಗಸರಿಗೆಲ್ಲ ವರ್ಷ ವರ್ಷವೂ ಕುಂಕುಮ ಇಡುತ್ತ ಬಂದಿದ್ದರು. ಭಕ್ತಿಯ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ನನಗೆ ಸಿಟ್ಟು ಬಂತು.

ಕೊನೆಯ ಹಾಳೆಯಲ್ಲಿ ಒಬ್ಬಳ ಮುಖ ಮಾತ್ರ ನಿನ್ನೆ ಬರೆದಂತಿತ್ತು. ಉದ್ದನೆಯ ಕಣ್ಣು, ತುಟಿಯಂಚಿನಲ್ಲಿ ತುಂಟತನ.

"ಇವಳಿಗೆ ಯಾಕೆ ಇಟ್ಟಿಲ್ಲ?" ಎಂದೆ.

"ಬಿಳಿ ಸೀರೆ ಕಾಣಲ್ವಾ? ಗಂಡ ಇಲ್ಲದೋಳಿಗೆ ಕುಂಕುಮ ಇಡ್ತಾರಾ?"

ನನಗೆ ನಗು ಬಂತು. "ಬಿಳಿ ಸೀರೆಯಲ್ಲಮ್ಮ, ಅದು ಬರೀ ಕಾಗದ. ಚಿತ್ರಗಾರ ಗೆರೆ ಎಳೆದಿದ್ದಾನೆ, ಬಣ್ಣ ಹಚ್ಚೋದು ಬಿಟ್ಟಿದ್ದಾನೆ. ಕಾಲುಂಗುರ ನೋಡಿ."

"ಅಯ್ಯೋ ಪಾಪ" ಎನ್ನುತ್ತ ಆಕೆ ಕುಂಕುಮದ ಬಟ್ಟಲಿಗೆ ಬೆರಳಿಟ್ಟರು. ನಾನು ನಾಲಿಗೆ ಕಚ್ಚಿಕೊಂಡೆ. ಅವರ ಮನೆ, ಅವರ ಪುಸ್ತಕ. ಬೇಡವೆನ್ನಲು ನಾನು ಯಾರು?

ಅಡುಗೆಮನೆಯ ಬಾಗಿಲಲ್ಲಿ ಅವರ ನಾದಿನಿ ನಿಂತಿದ್ದರು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಪೂಜೆಯ ಹತ್ತಿರ ಅವರನ್ನು ಯಾರೂ ಕರೆದಿರಲಿಲ್ಲ.

"ಬೇಡ ಅತ್ತಿಗೆ" ಎಂದರು ಮೆಲ್ಲಗೆ. "ಈ ಮನೇಲಿ ನನ್ನ ಥರ ಇರೋಳು ಅವಳೊಬ್ಬಳೇ. ಅವಳನ್ನೂ ನಿಮ್ಮ ಕಡೆ ಕರ್ಕೋಬೇಡಿ."

ಅತ್ತಿಗೆಯ ಬೆರಳು ಬಟ್ಟಲಲ್ಲೇ ನಿಂತಿತು. ನನಗೆ ಬೇಕಿದ್ದ ಮುಖ ಉಳಿಯಿತು. ನಕಲು ಮಾಡಿಕೊಳ್ಳಲು ಪೆನ್ಸಿಲ್ ತೆಗೆದೆ, ಕೈ ಏಳಲಿಲ್ಲ.