ರೇಣುಕಾ ಪಂಪ್ ನಿಲ್ಲಿಸಿದ ಮಧ್ಯಾಹ್ನ

ನಾನು ಸಿಂಧನೂರಿನಲ್ಲಿ ಕೃಷಿ ವಿಸ್ತರಣಾ ಬೋಧಕಿಯಾಗಿದ್ದೆ. ತರಗತಿಯಲ್ಲಿ ಕಲಿಸಿದ ಬೇಸಾಯವನ್ನು ರೈತರ ಗದ್ದೆಯವರೆಗೆ ಒಯ್ಯುವುದೇ ವಿಸ್ತರಣೆ. ನನ್ನ ಸೇವೆಯ ಕೊನೆಯ ಮುಂಗಾರಿನಲ್ಲಿ ಕೃಷಿ ಡಿಪ್ಲೊಮಾ ವಿದ್ಯಾರ್ಥಿಗಳ ನಾಯಕತ್ವ ತರಬೇತಿ ಶಿಬಿರ ನಡೆಸುವ ಹೊಣೆ ನನಗೆ ಬಂತು. ದಢೇಸುಗೂರಿನ ಸಮುದಾಯ ಭವನದಲ್ಲಿ ನಮ್ಮ ವಾಸ. ಸುತ್ತಲೂ ಕಾಲುವೆ ನೀರಿನ ಭತ್ತದ ಗದ್ದೆಗಳು.

ಪ್ರತಿ ಗುಂಪೂ ತನ್ನ ನಾಯಕರನ್ನು ತಾನೇ ಆರಿಸಿಕೊಂಡಿತ್ತು. ಒಂದು ಗುಂಪಿಗೆ ಸಂತೆಕಲ್ಲೂರಿನ ರೇಣುಕಾ ನಾಯಕಿ. ಅವಳ ಹೆಸರನ್ನು ಸೂಚಿಸಿದವನು ಲಿಂಗಸುಗೂರಿನ ಬಸವರಾಜ. ಇಬ್ಬರೂ ಒಂದೇ ಬೆಂಚಿನ ಗೆಳೆಯರು. ಅವನು ತಮಾಷೆ ಮಾಡಿದರೆ ಮೊದಲು ನಗುವವಳು ಅವಳೇ. ಶಿಬಿರದ ಕೊನೆಗೆ ಗೆದ್ದ ಗುಂಪು ರಾಜ್ಯಮಟ್ಟದ ಶಿಬಿರಕ್ಕೆ ಹೋಗಬೇಕಿತ್ತು. ಅವರಲ್ಲಿ ಹೆಚ್ಚಿನವರು ಜಿಲ್ಲೆಯಾಚೆ ಕಾಲಿಟ್ಟವರಲ್ಲ.

ಅವರ ಗುಂಪಿಗೆ ಬಂದ ಕೆಲಸ ಸುರಕ್ಷಿತ ಸಿಂಪಡಣೆಯ ಪ್ರಾತ್ಯಕ್ಷಿಕೆ, ಅಂದರೆ ರೈತರ ಮುಂದೆ ಮಾಡಿ ತೋರಿಸುವುದು. ಭತ್ತಕ್ಕೆ ಜಿಗಿಹುಳ ಬಿದ್ದಿತ್ತು. ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಅಂದು ಮಧ್ಯಾಹ್ನ ಬದುವಿನ ಮೇಲೆ ರೈತರು ಸೇರಿದ್ದರು, ಅಂಕ ಕೊಡಬೇಕಾದ ಇಬ್ಬರು ಅತಿಥಿಗಳೂ ಬಂದಿದ್ದರು. ಬಸವರಾಜ ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಂಡು ಪಂಪನ್ನು ಬೆನ್ನಿಗೇರಿಸಿ ನಿಂತಿದ್ದ.

ಅಷ್ಟರಲ್ಲಿ ಗಾಳಿ ಪಕ್ಕದ ಗದ್ದೆಯ ಕಡೆಗೆ ತಿರುಗಿತು. ಅಲ್ಲಿ ಹೆಂಗಸರು ಸಾಲಾಗಿ ಬಾಗಿ ಕಳೆ ತೆಗೆಯುತ್ತಿದ್ದರು. ಅವರ ಮುಖಕ್ಕೆ ಸೆರಗು ಬಿಟ್ಟರೆ ಬೇರೇನೂ ಇರಲಿಲ್ಲ. ರೇಣುಕಾ ಅವರ ಬಳಿ ಹೋಗಿ ಸ್ವಲ್ಪ ಹೊತ್ತು ದೂರ ನಿಲ್ಲುವಂತೆ ಕೇಳಿಕೊಂಡಳು. ಅವರದು ಗುತ್ತಿಗೆ ಕೆಲಸ, ಊರಿಗೆ ಕರೆದೊಯ್ಯುವ ಟೆಂಪೋ ಬರುವುದರೊಳಗೆ ಆ ಗದ್ದೆ ಮುಗಿಸಬೇಕಿತ್ತು. ಒಬ್ಬಾಕೆ ತಲೆ ಎತ್ತದೆಯೇ ಹೇಳಿದಳು:

“ನಮಗೇನ್ ಹೊಸದಲ್ಲಬೇ ತಂಗಿ. ನೀವು ಹೊಡ್ಕೋರಿ, ನಮ್ಮ ಕೆಲಸ ನಾವ್ ಮಾಡ್ತೀವಿ.”

ಗದ್ದೆಯ ಮಾಲೀಕನೂ ಶುರು ಮಾಡಿ ಎಂದ. ಅತಿಥಿಗಳು ಮಸ್ಕಿಯಲ್ಲಿ ಇನ್ನೊಂದು ಕಾರ್ಯಕ್ರಮಕ್ಕೆ ಹೋಗುವವರಿದ್ದರು. ಕಾಯಲು ಆಗುವುದಿಲ್ಲ ಎಂದು ನನ್ನ ಕಡೆ ನೋಡಿದರು. ಇವತ್ತಿನ ತೀರ್ಮಾನ ನಾಯಕಿಯದು ಎಂದೆ. ಸಿಂಪಡಣೆ ನಿಲ್ಲಿಸಬೇಕೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಅವ್ರೇ ಹೊಡೀರಿ ಅನ್ನಾಕತ್ತಾರ, ನಿಂದೇನು ಬೇ?” ಎಂದ ಬಸವರಾಜ.

“ಬೀಳೋದು ಅವ್ರ ಮೈಮ್ಯಾಲ, ಬಸು. ಪಂಪ್ ಇಳಸು.”

ಅವನು ಇಳಿಸಲಿಲ್ಲ. ಅವಳೇ ಹಿಂದೆ ಹೋಗಿ ಬೆಲ್ಟ್ ಬಿಚ್ಚಿ ಪಂಪನ್ನು ಬದುವಿಗಿಟ್ಟಳು. ಅತಿಥಿಗಳು ಹೊರಟರು, ರೈತರು ಗೊಣಗುತ್ತಾ ಚದುರಿದರು. ಅಂಕದ ಪಟ್ಟಿಯಲ್ಲಿ ಆ ಗುಂಪಿನ ಹೆಸರಿನ ಮುಂದೆ ಏನೂ ಬೀಳಲಿಲ್ಲ. ಕಳೆ ತೆಗೆಯುವ ಹೆಂಗಸರು ಇತ್ತ ತಿರುಗಿಯೂ ನೋಡಲಿಲ್ಲ.

ಆ ಸಂಜೆ ಊಟಕ್ಕೆ ಕುಳಿತಾಗ ಗುಂಪಿನವರು ಒಂದು ಮೂಲೆಗೆ ಸರಿದರು. ರೇಣುಕಾ ತಟ್ಟೆ ಹಿಡಿದು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಳು. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ನಾನೂ ತಟ್ಟೆ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ. ಅವಳು ತಾನಾಗಿಯೇ ಮಾತಿಗೆ ತೊಡಗಿದಳು. ಅವರದು ಮಳೆ ನಂಬಿದ ಜೋಳದ ಹೊಲ. ಭತ್ತದ ಹಂಗಾಮಿನಲ್ಲಿ ಅವಳ ತಾಯಿಯೂ ಹೀಗೆಯೇ ಟೆಂಪೋದಲ್ಲಿ ಕಾಲುವೆ ಸೀಮೆಗೆ ಕಳೆ ತೆಗೆಯಲು ಬರುತ್ತಾಳಂತೆ. ಮನೆಗೆ ಮರಳಿದರೆ ಎರಡು ದಿನ ತಲೆಶೂಲೆಯಂತೆ. ಗೆಳೆಯರಿಗೆ ಇದನ್ನು ಹೇಳಬಾರದೇ ಎಂದು ಕೇಳಿದೆ.

“ಹೇಳಿದ್ರ ಅವ್ವನ ಸಲುವಾಗಿ ಮಾಡ್ಯಾಳ ಅಂತಾರ್ರಿ. ಅವ್ರು ಯಾರೇ ಆಗಿದ್ರೂ ನಾ ನಿಲ್ಲಿಸ್ತಿದ್ದೆ.” ತುತ್ತು ಕೈಯಲ್ಲೇ ಉಳಿಯಿತು. “ನಾಳೆ ಮತ್ತ ಹಿಂಗ ಆದ್ರೂ ಇದನ್ನೇ ಮಾಡ್ತೀನ್ರಿ ಮೇಡಂ. ಅದು ಗೊತ್ತಾಗೇ ಅಳು ಬರಾಕತ್ತೈತಿ.”

ನಾನು ಬಾಡಿಗೆ ಕೋಣೆಗಳಲ್ಲಿ ಒಬ್ಬಳೇ ಬದುಕಿ ನೌಕರಿ ಮುಗಿಸುತ್ತಿದ್ದವಳು. ಒಂಟಿತನ ನನಗೆ ಗೊತ್ತಿತ್ತು. ಅವಳ ತಟ್ಟೆ ಖಾಲಿಯಾಗುವವರೆಗೆ ಪಕ್ಕದಲ್ಲೇ ಕುಳಿತಿದ್ದೆ, ಅಷ್ಟೇ.

ಮರುದಿನ ಬೆಳಿಗ್ಗೆ ಗಾಳಿ ನಿಂತಿತ್ತು, ಪಕ್ಕದ ಗದ್ದೆಯಲ್ಲಿ ಯಾರೂ ಇರಲಿಲ್ಲ. ರೇಣುಕಾ ಮಾಲೀಕನನ್ನು ಒಪ್ಪಿಸಿ, ತಾನೇ ಪಂಪ್ ಹೊತ್ತು ಗದ್ದೆಗೆ ಇಳಿದಳು. ನೋಡಲು ಮಾಲೀಕ ಮತ್ತು ನಾನು ಇಬ್ಬರೇ ಇದ್ದೆವು. ಅವಳು ಒಂದೊಂದು ಹಂತವನ್ನೂ ಜನ ಸೇರಿದ್ದಾಗ ಹೇಳುವಂತೆಯೇ ಗಟ್ಟಿಯಾಗಿ ಹೇಳುತ್ತಾ ಕೆಲಸ ಮುಗಿಸಿದಳು.

ಶಿಬಿರ ಮುಗಿದ ದಿನ ಗುಂಪನ್ನು ಊರು ಮುಟ್ಟಿಸಲು ನಾನೂ ಅವರ ಜೊತೆ ಸಿಂಧನೂರಿನಿಂದ ಲಿಂಗಸುಗೂರಿನ ಬಸ್ಸು ಹತ್ತಿದೆ. ಗುಂಪಿನವರು ಹಿಂದಿನ ಸೀಟುಗಳಲ್ಲಿ, ಅವಳು ಚಾಲಕನ ಹಿಂದೆ. ಮಸ್ಕಿಯಲ್ಲಿ ಅವಳು ಇಳಿಯಬೇಕಾದಾಗ ಬಸವರಾಜ ಎದ್ದು ಬಂದು, ಮೇಲಿಟ್ಟಿದ್ದ ಅವಳ ಚೀಲ ಇಳಿಸಿ ಬಾಗಿಲವರೆಗೆ ತಂದುಕೊಟ್ಟ. “ಬರ್ತೀನಿ” ಎಂದಳು. ಅವನು ತಲೆಯಾಡಿಸಿದ. ಬಸ್ಸು ಹೊರಟಿತು. ಅವಳು ಸಂತೆಕಲ್ಲೂರಿನ ಆಟೋ ಹುಡುಕುತ್ತಾ ಜನರ ನಡುವೆ ಸೇರಿಹೋದಳು.

ಭಾಷಣ ಮಾಡುವುದು, ಗುಂಪು ಕಟ್ಟುವುದು, ಸಭೆ ನಡೆಸುವುದು ಇವನ್ನೆಲ್ಲ ಸೇವೆಯುದ್ದಕ್ಕೂ ಕಲಿಸಿದೆ. ಧೈರ್ಯವನ್ನು ಕಲಿಸಲು ಬರುತ್ತದೆಯೇ, ನನಗೆ ಇಂದಿಗೂ ಖಾತ್ರಿಯಿಲ್ಲ. ಸರಿಯಾದ ಕೆಲಸ ಮಾಡಿ ಒಂಟಿಯಾದ ಹುಡುಗಿಯ ಪಕ್ಕ ಯಾರಾದರೂ ಹೋಗಿ ಕೂರಬೇಕು. ಪಠ್ಯಕ್ರಮದಲ್ಲಿ ಎಲ್ಲೂ ಬರೆದಿರದ ಆ ಕೆಲಸವೂ ತರಬೇತುದಾರರದೇ ಎಂದು ತಿಳಿಯುವ ಹೊತ್ತಿಗೆ, ನನ್ನ ಸೇವೆಯಲ್ಲಿ ಇನ್ನೊಂದು ಶಿಬಿರ ಉಳಿದಿರಲಿಲ್ಲ.